ಮಾವನವರ ಮೂಗು

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ನಮ್ಮವರೇ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯ ಸೆಕೆಯಿಂದ ನೇರವಾಗಿ ಡೆಕ್ಕಿನ ಗಾಳಿಗೆ ಹೋಗಬೇಡಿ ಎಂದು ಪ್ರತಿ ಪತ್ರದಲ್ಲೂ ಬರೆಯುತ್ತೇನೆ. ನೀವು ಪ್ರತಿ ಪತ್ರದಲ್ಲೂ ‘ಹೂಂ’ ಎಂದು ಬರೆದು, ಹೋಗಿಯೇ ಹೋಗುತ್ತೀರಿ. ಹಡಗಿನ ಅಡುಗೆಯವನ ಜೊತೆಗಿನ ಜಗಳ ಮುಗಿದಿದ್ದರೆ ಒಳ್ಳೆಯದು. ಮುಗಿದಿರದಿದ್ದರೆ ನೀವೇ ಮೊದಲು ಮಾತಾಡಿಸಿ. ಊಟ ಬಡಿಸುವವನ ಹತ್ತಿರ ಎಷ್ಟು ದಿನ ಅಂತ ಮುಖ ಊದಿಸಿಕೊಂಡಿರುತ್ತೀರಿ? ಇಲ್ಲಿ ಅತ್ತೆಯ ಮಂಡಿ ಎಂದಿನಂತೆ ಮೆಟ್ಟಿಲಿನ ಮೇಲೆ ಕೋಪ ಮಾಡಿಕೊಂಡಿದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ನಾನು ಚೆನ್ನಾಗಿದ್ದೇನೆ. ಇಷ್ಟು ಬರೆದು ಎದ್ದುಹೋಗಿ ಕಿಟಕಿ ತೆರೆದು ಬಂದೆ. ಕೂತ ಮೇಲೆ ಬೀದಿಯ ಸದ್ದು ಜಾಸ್ತಿ ಅನ್ನಿಸಿ ಮತ್ತೆ ಎದ್ದು ಮುಚ್ಚಿದೆ. ಒಂದು ವಾರದಿಂದ ನನ್ನದು ಇದೇ ಕಥೆ. ಅತ್ತೆಯಂತೂ ‘ಇವಳ ಕಾಲಿಗೆ ಯಾರಾದ್ರೂ ಗೂಟ ಹೊಡೀರಪ್ಪ’ ಅನ್ನುತ್ತಿದ್ದಾರೆ. ಅದಕ್ಕೇ ಈ ಪತ್ರ ಎಲ್ಲೋ ಶುರುವಾಗಿ ಎಲ್ಲೋ ಹೋದರೆ ತಾಳ್ಮೆಯಿಂದ ಓದಿ.

ಮಾವನವರ ಮೂಗು ಹೋಗಿದೆ. ಗಾಬರಿಯಾಗಬೇಡಿ, ಮೂಗು ಮುಖದ ಮೇಲೆಯೇ ಇದೆ. ಅದಕ್ಕೆ ಯಾವ ವಾಸನೆಯೂ ತಿಳಿಯುವುದಿಲ್ಲ, ಅಷ್ಟೆ. ‘ಅವನಿಗೆ ಬರೀಬೇಡ, ಸಮುದ್ರದ ಮಧ್ಯ ಕೂತು ಏನು ಮಾಡ್ತಾನೆ ಪಾಪ’ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಈಗ ಅವರೇ ಹೊರಗಿನವರ ಎದುರು ಹೇಳಿಕೊಂಡಿರುವುದರಿಂದ ಆ ಮಾತು ತೀರಿತು ಎಂದುಕೊಂಡಿದ್ದೇನೆ. ಚಳಿಗಾಲದ ಆರಂಭದಲ್ಲಿ ಅವರಿಗೆ ಜ್ವರ ಬಂದದ್ದು ಬರೆದಿದ್ದೆನಲ್ಲ. ಜ್ವರ ಇಳಿಯಿತು, ಕೆಮ್ಮೂ ಹೋಯಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಒಂದು ಬೆಳಿಗ್ಗೆ ಅತ್ತೆ ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದರು. ಹಾಲು ಉಕ್ಕಿ, ತಳ ಹಿಡಿದು, ಸೀದು, ಮನೆಯೆಲ್ಲ ನಾತ. ನಾನು ಬಚ್ಚಲಿನಿಂದ ಒದ್ದೆ ಕೈಯಲ್ಲೇ ಓಡಿ ಬಂದರೆ ಮಾವ ಒಲೆಗೆ ಬೆನ್ನು ಹಾಕಿ, ಒಂದು ಮಾರು ದೂರದಲ್ಲಿ, ನೆಮ್ಮದಿಯಾಗಿ ಪೇಪರು ಓದುತ್ತಿದ್ದಾರೆ. ಪಾತ್ರೆ ಇಳಿಸುವಾಗ ನನ್ನ ಮುಖ ನೋಡಿದರು. ‘ಏನೋ ಯೋಚನೇಲಿದ್ದೆ’ ಅಂದರು. ಮೂರು ಬೀದಿ ಆಚೆ ಯಾರ ಮನೆಯಲ್ಲಿ ಬಣ್ಣ ಹೊಡೆಸುತ್ತಿದ್ದಾರೆ ಎಂದು ಇಲ್ಲಿಂದಲೇ ಹೇಳುತ್ತಿದ್ದ ಮನುಷ್ಯ ಅವರು. ಆಮೇಲೆ ಗೊತ್ತಾಯಿತು, ಅವರು ಒಬ್ಬರೇ ಹೋಗಿ ಡಾಕ್ಟರನ್ನೂ ಕಂಡು ಬಂದಿದ್ದರು. ಡಾಕ್ಟರು ‘ಬಂದರೂ ಬರಬಹುದು, ಬರದೆಯೂ ಇರಬಹುದು’ ಎಂದು ಹೇಳಿ ಕಳಿಸಿದ್ದರು.

ಬೇರೆಯವರಿಗಾದರೆ ಹೋಗಲಿ ಬಿಡು ಅನ್ನಬಹುದಿತ್ತು. ಇವರಿಗೆ ಹೇಗೆ ಅನ್ನುವುದು? ವೈನರಿಯ ಕೆಲಸದಿಂದ ನಿವೃತ್ತಿಯಾದ ಮೇಲೂ ತಿಂಗಳಿಗೊಮ್ಮೆ ಒಡತಿ ಗಾಡಿ ಕಳಿಸುತ್ತಾರೆ, ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುತ್ತಾರೆ, ನೆಲಮಾಳಿಗೆಯಲ್ಲಿ ಮಲಗಿರುವ ಹಳೆಯ ಬಾಟಲಿಗಳಲ್ಲಿ ಒಂದೊಂದನ್ನು ತೆಗೆದು ರುಚಿ ನೋಡಿ ‘ಇದು ಹೊರಡಲಿ, ಇದು ಇನ್ನೂ ಮಲಗಲಿ’ ಎಂದು ಹೇಳುತ್ತಾರೆ. ಆ ದಿನ ಗಾಡಿ ಬೀದಿಗೆ ತಿರುಗುವ ಮುಂಚೆಯೇ ಬಾಗಿಲಲ್ಲಿ ನಿಂತಿರುತ್ತಾರೆ, ನೀವೇ ಎಷ್ಟು ಸಲ ನೋಡಿ ನಕ್ಕಿದ್ದೀರಿ.

ಹಾಲು ಸೀದ ಕೆಲವು ದಿನಗಳಿಗೆ ನನ್ನನ್ನು ಮಹಡಿಗೆ ಕರೆದರು. ಮೇಜಿನ ಮೇಲೆ ಬಿಳಿ ಬಟ್ಟೆ, ಒಂದು ಗ್ಲಾಸು, ತಳದಲ್ಲಿ ಒಂದಿಷ್ಟು ಕೆಂಪು ವೈನ್. ‘ಮೂಸಿ ಹೇಳು, ಏನು ಬರ್ತಿದೆ?’ ಅಂದರು. ನಾನು, ‘ವೈನ್ ವಾಸನೆ ಬರ್ತಿದೆ ಮಾವ’ ಅಂದೆ. ಅವರ ಮುಖ ನೋಡಬೇಕಿತ್ತು ನೀವು. ‘ವೈನ್ ಅಂತ ನನಗೂ ಕಾಣುತ್ತಮ್ಮ. ಕಣ್ಣು ಮುಚ್ಚು. ನಿನಗೆ ಏನು ನೆನಪಾಗುತ್ತೆ ಅದನ್ನ ಹೇಳು, ನಾಚಿಕೋಬೇಡ.’ ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ, ‘ಶಾಲೆಯ ಚೀಲ. ಹೊಸ ಚರ್ಮದ್ದು. ಒಳಗೆ ಪೆನ್ಸಿಲ್ ಹೆರೆದ ಪುಡಿ’ ಅಂದೆ. ಕಣ್ಣು ಬಿಟ್ಟು ನೋಡಿದರೆ ಕನ್ನಡಕ ತೆಗೆದು ಒರೆಸುತ್ತಿದ್ದಾರೆ. ‘ಸರಿಯಾಗಿದೆ. ಈ ವೈನ್ ಹಾಗೇ ಇರಬೇಕು. ನನಗೆ ಏನೂ ಬರ್ತಿಲ್ಲ ಮಗಳೇ, ನೀರು ಮೂಸಿದ ಹಾಗಿದೆ’ ಅಂದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಮಗಳೇ ಅಂದದ್ದು ಅದೇ ಮೊದಲು. ಬೇಡ ಅನ್ನಲು ನನ್ನಿಂದ ಆಗಲಿಲ್ಲ.

ಅಲ್ಲಿಂದ ಪಾಠ ಶುರು. ಗ್ಲಾಸಿನ ಹೊಟ್ಟೆ ಮುಟ್ಟಬಾರದು, ಕೈಯ ಬಿಸಿ ತಾಗುತ್ತದೆ, ಕಾಲನ್ನೇ ಹಿಡಿಯಬೇಕು. ಬಿಳಿ ಬಟ್ಟೆಯ ಮೇಲೆ ಓರೆ ಮಾಡಿ ಅಂಚಿನ ಬಣ್ಣ ನೋಡಬೇಕು: ಎಳೆಯದಾದರೆ ಅಂಚು ನೇರಳೆ, ವಯಸ್ಸಾದಂತೆ ಇಟ್ಟಿಗೆಯ ಕೆಂಪು, ಆಮೇಲೆ ಕಂದು. ಅಲುಗಿಸದೆ ಒಮ್ಮೆ ಮೂಸಬೇಕು, ಅಲುಗಿಸಿ ಒಮ್ಮೆ. ಬಾಯಿಗೆ ತೆಗೆದುಕೊಂಡು ನಾಲಿಗೆಯ ಮೇಲೆಲ್ಲ ಓಡಾಡಿಸಿ, ಒಗರು ವಸಡನ್ನು ಎಲ್ಲಿ ಹಿಡಿಯುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಮನಿಸಿ, ಬಕೆಟ್ಟಿಗೆ ಉಗಿಯಬೇಕು. ರೀ, ನಗಬೇಡಿ. ನಾನು ಕಿಟಕಿಯ ಹತ್ತಿರ ನಿಂತು ಬೆಳಕಿಗೆ ಗ್ಲಾಸು ಹಿಡಿದು, ಮುಕ್ಕಳಿಸಿ, ಉಗಿಯುವುದನ್ನು ಎದುರು ಮನೆಯಾಕೆ ದಿನಾ ನೋಡಿ, ಕೊನೆಗೆ ಅತ್ತೆಯನ್ನು ‘ಸೊಸೆಗೆ ಹಲ್ಲುನೋವಾ?’ ಎಂದು ಕೇಳಿದರಂತೆ. ಅತ್ತೆ ‘ಹೂಂ, ಬುದ್ಧಿಹಲ್ಲು ಬರ್ತಿದೆ, ತಡವಾಗಿ’ ಅಂದರಂತೆ.

ಮಾವ ಮನೆಯಲ್ಲಿದ್ದ ಸಾಮಾನನ್ನೆಲ್ಲ ಮೂಸಿಸಿದರು: ಬೂಟಿನ ಪಾಲಿಶು, ಒದ್ದೆ ಕೊಡೆ, ತುಕ್ಕು ಹಿಡಿದ ಬೀಗ, ಒಣಗಿದ ಗುಲಾಬಿ, ಕಪಾಟಿನ ಹಿಂದೆ ಬಿದ್ದು ಹಳದಿಯಾದ ಪೇಪರು. ಬೀದಿಗೆ ಹೋದರೂ ನನ್ನ ಮೂಗು ಸುಮ್ಮನಿರಲಿಲ್ಲ. ಹಣ್ಣಿನ ಅಂಗಡಿಯವನು ‘ಅಕ್ಕ, ತಗೊಳ್ಳೋದಾದ್ರೆ ತಗೊಳ್ಳಿ, ಹೀಗೆ ಒಂದೊಂದನ್ನೂ ಮೂಸಿ ಇಟ್ರೆ ನೋಡಿದವರು ಕೊಳೆತಿದೆ ಅನ್ಕೋತಾರೆ’ ಎಂದು ಗದರಿದ. ಒಂದೇ ತೋಟದ, ಬೇರೆ ಬೇರೆ ವರ್ಷದ ವೈನ್‌ಗಳನ್ನು ಸಾಲಾಗಿಟ್ಟು ತೋರಿಸಿದ ದಿನ ನನಗೆ ನಿಜವಾಗಿ ಹುಚ್ಚು ಹಿಡಿಯಿತು. ‘ಎಳೇದರಲ್ಲಿ ಎಲ್ಲಾ ಒಟ್ಟಿಗೆ ಕೂಗಾಡ್ತಿರುತ್ತೆ. ಆಮೇಲೆ ಕೆಲವು ವರ್ಷ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತೆ. ಆವಾಗ ತೆಗೆದವನು ಕೆಟ್ಟುಹೋಯ್ತು ಅಂತಾನೆ. ಕೆಟ್ಟಿರಲ್ಲ, ಮುನಿಸು. ಮುನಿಸು ಕಳೆದ ಮೇಲೆ ಮಾತಾಡುತ್ತೆ ನೋಡು, ಆಗ ಕೇಳೋಕೆ ಯಾರಾದ್ರೂ ಇರಬೇಕು’ ಎಂದು ಮಾವ ಹೇಳುತ್ತಿದ್ದರು. ‘ವಯಸ್ಸಾಗೋದು ಬೇರೆ, ಮುದಿಯಾಗೋದು ಬೇರೆ’ ಎಂದೂ ಅನ್ನುತ್ತಿದ್ದರು. ನಾನು ಈ ಮನೆಯಲ್ಲಿ ಅಡುಗೆ, ಬಟ್ಟೆ, ಔಷಧಿ, ಬಿಲ್ಲು ಎಂದು ಓಡಾಡಿಕೊಂಡಿದ್ದವಳು. ಹೀಗೆ ಒಂದೇ ಗುಟುಕಿನ ಮುಂದೆ ಅರ್ಧ ಗಂಟೆ ನಿಂತವಳಲ್ಲ. ನಿಂತರೂ ಕಾಲು ಕುಣಿಯುತ್ತಿತ್ತು. ಇನ್ನೊಂದು ತೆಗೀರಿ, ಇನ್ನೊಂದು ತೆಗೀರಿ ಎಂದು ಪೀಡಿಸುತ್ತಿದ್ದೆ.

ಗಾಡಿ ಬಂದಾಗ ಮಾವ ‘ಕಣ್ಣು ಸ್ವಲ್ಪ ಮಂಜು, ಸುರಿಯೋಕೆ ಸೊಸೆ ಇರಲಿ’ ಎಂದು ಒಡತಿಗೆ ಹೇಳಿ ನನ್ನನ್ನೂ ಕರೆದುಕೊಂಡು ಹೋದರು. ಕೆಳಗೆ ಮೆಟ್ಟಿಲಿಳಿದರೆ ಬೇಸಿಗೆಯೋ ಚಳಿಯೋ ತಿಳಿಯದ ಒಂದೇ ತಂಪು, ಉದ್ದಕ್ಕೂ ಪೀಪಾಯಿ, ಗೋಡೆಗೆ ಕಪಾಟು, ಬಿರಡೆ ಒಣಗದಂತೆ ಮಲಗಿಸಿಟ್ಟ ಬಾಟಲಿಗಳು. ನಾನು ಸುರಿಯುವ ನೆಪದಲ್ಲಿ ಮೊದಲು ಮೂಸಿ, ಒಂದು ಗುಟುಕು ತೆಗೆದುಕೊಂಡು ಉಗಿದು, ಗ್ಲಾಸು ಕೊಡುವಾಗ ಮೆಲ್ಲಗೆ ಎರಡು ಮಾತು ಹೇಳುತ್ತಿದ್ದೆ. ಅವರು ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಯೋಚಿಸಿ ತೀರ್ಪು ಕೊಡುತ್ತಿದ್ದರು. ಚಳಿಗಾಲ ಹೀಗೆ ದಾಟಿತು. ಸಿಕ್ಕಿಬೀಳುವ ಭಯವಿತ್ತು, ಆದರೂ ಗಾಡಿ ಯಾವಾಗ ಬರುತ್ತದೋ ಎಂದು ಕಾಯುವವರು ಈಗ ಮನೆಯಲ್ಲಿ ಇಬ್ಬರಾಗಿದ್ದೆವು.

ಈಗ ಮೂಲೆಯ ಕಪಾಟಿನ ವಿಷಯ. ಮಾವ ನಿವೃತ್ತಿಗೆ ಮುಂಚೆ ಮಾಡಿದ ಕೊನೆಯ ವೈನ್ ಅಲ್ಲಿ ಮಲಗಿದೆ. ಪ್ರತಿ ವರ್ಷ ಒಂದು ಬಾಟಲಿ ತೆಗೆಯುವುದು, ಮಾವ ‘ಇನ್ನೂ ಬೇಡ’ ಅನ್ನುವುದು, ಮತ್ತೆ ಕಪಾಟು ಮುಚ್ಚುವುದು. ಈ ಸಲ ಒಂದು ಹೋಟೆಲಿನವರು ಅಷ್ಟನ್ನೂ ಕೇಳಿಕೊಂಡು ಬಂದಿದ್ದರು. ಬಂದವರು ಒಳ್ಳೆಯ ಮನುಷ್ಯ, ಹೆಚ್ಚು ಮಾತಿಲ್ಲ, ಚಳಿಗೆ ಕೈ ಉಜ್ಜುತ್ತ ಒಂದು ಕಡೆ ನಿಂತಿದ್ದರು. ನಾನು ಬಿರಡೆ ತೆಗೆದೆ. ತಳದ ಗಷ್ಟು ಏಳದ ಹಾಗೆ ನಿಧಾನವಾಗಿ ಸುರಿದೆ. ಮೊದಲು ಏನೂ ಬರಲಿಲ್ಲ. ಆಮೇಲೆ, ಹೇಗೆ ಹೇಳಲಿ, ಬಹಳ ದಿನ ಮುಚ್ಚಿದ್ದ ಮರದ ಪೆಟ್ಟಿಗೆಯ ಮುಚ್ಚಳ ಯಾರೋ ಎತ್ತಿದ ಹಾಗೆ. ಒಣಗಿಸಿಟ್ಟ ಹಣ್ಣು, ಬಿದ್ದ ಎಲೆ, ಹಳೆ ಚರ್ಮದ ಪಟ್ಟಿ, ಅದರ ಹಿಂದೆ ಸಕ್ಕರೆ ಇಲ್ಲದ ಒಂದು ಸಿಹಿ. ಬಾಯಿಗೆ ತೆಗೆದುಕೊಂಡರೆ ಒಗರು ಇತ್ತು, ಆದರೆ ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆಯ ಹಾಗಿತ್ತು. ರೀ, ನಾನು ಉಗಿಯಲಿಲ್ಲ. ಅಷ್ಟು ತಿಂಗಳಲ್ಲಿ ಮೊದಲ ಸಲ ನುಂಗಿದೆ. ನುಂಗಿದ ಮೇಲೂ ಅದು ಹೋಗಲೊಲ್ಲದು. ಮಾವನಿಗೆ ಗ್ಲಾಸು ಕೊಡುತ್ತ ‘ಇದು ಬಂದುಬಿಟ್ಟಿದೆ ಮಾವ, ಪೂರ್ತಿ ಬಂದಿದೆ’ ಅಂದೆ. ಅವರು ತಲೆಯಾಡಿಸಿದರು. ಮಾತುಕತೆ ನಡೆಯುವಷ್ಟರಲ್ಲಿ ನನ್ನ ಗ್ಲಾಸನ್ನು ಇನ್ನೊಮ್ಮೆ ಮೂಸಿದೆ. ಗಾಳಿಗೆ ಅರಳಬೇಕಾದ ಹಣ್ಣು ಆಗಲೇ ಕೂತುಬಿಟ್ಟಿತ್ತು, ಅಡಿಯಿಂದ ತೆಳ್ಳಗೆ ಒಂದು ಹುಳಿ ತಲೆ ಎತ್ತಿತ್ತು. ಅದು ಮುನಿಸಲ್ಲ. ಮುನಿಸಾದರೆ ಬಣ್ಣ ಕಪ್ಪಾಗಿರಬೇಕು, ಒಗರು ಗಟ್ಟಿ ಇರಬೇಕು ಎಂದು ಅವರೇ ಹೇಳಿಕೊಟ್ಟಿದ್ದರು. ಇದು ತುದಿಯಲ್ಲಿ ನಿಂತಿರುವ ವೈನ್, ಇಳಿಯಲು ಒಂದು ಕಾಲು ಮುಂದಿಟ್ಟಿದೆ. ಅದನ್ನೂ ಅವರ ಕಿವಿಗೆ ಹಾಕಿದೆ. ಅವರು ಗ್ಲಾಸನ್ನು ಮೇಜಿನ ಮೇಲಿಟ್ಟು ಒಡತಿಗೆ ಹೇಳಿದರು: ‘ಇನ್ನೈದು ವರ್ಷ ಮುಟ್ಟಬೇಡಿ.’

ಒಡತಿ ಆಗಲಿ ಅಂದರು. ಹೋಟೆಲಿನವರು ಕೋಟಿನ ಗುಂಡಿ ಹಾಕಿಕೊಂಡರು. ಅಲ್ಲಿಗೆ ಮುಗಿಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿರಲು ಎಷ್ಟು ಪ್ರಯತ್ನಪಟ್ಟೆನೋ ದೇವರಿಗೇ ಗೊತ್ತು, ಕೈಯಲ್ಲಿದ್ದ ಬಿರಡೆಯನ್ನು ಪುಡಿಪುಡಿ ಮಾಡಿಬಿಟ್ಟೆ. ಆದರೂ ಬಂದೇ ಬಂತು: ‘ಅದು ಕಾಯಲ್ಲ ಮಾವ. ಅದರ ಕಾಲ ಇದೇ.’ ನೆಲಮಾಳಿಗೆಯಲ್ಲಿ ಮಾತು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಆಗ ತಿಳಿಯಿತು. ಒಡತಿ ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಮಾವ ‘ಮನೆಗೆ ನಡಿ’ ಅಂದರು, ಅಷ್ಟೇ. ಗಾಡಿಯಲ್ಲಿ ಆ ಕಡೆ ಕಿಟಕಿ ಅವರಿಗೆ, ಈ ಕಡೆ ಕಿಟಕಿ ನನಗೆ.

ಎರಡು ದಿನ ಮಾತಿಲ್ಲ. ತಟ್ಟೆ ಮುಂದಿಟ್ಟರೆ ಕೆದಕಿ ಎದ್ದುಬಿಡುತ್ತಿದ್ದರು. ನಾನು ಮಹಡಿ ಹತ್ತಿ ಇಳಿದು, ಇಳಿದು ಹತ್ತಿ, ಕೊನೆಗೆ ಬಾಗಿಲು ತಳ್ಳಿ ಒಳಗೆ ಹೋಗಿ ಕೇಳಿಯೇಬಿಟ್ಟೆ, ಯಾಕೆ ಹಾಗಂದ್ರಿ ಎಂದು. ಅವರು ಖಾಲಿ ಗ್ಲಾಸುಗಳನ್ನು ಒರೆಸಿ ಜೋಡಿಸುತ್ತಿದ್ದರು. ‘ಆ ಕಪಾಟು ಖಾಲಿಯಾದ ಮೇಲೆ ಕೆಳಗೆ ನಾನು ಮಾಡಿದ್ದು ಅಂತ ಏನೂ ಉಳಿಯಲ್ಲಮ್ಮ. ಮೂಗೂ ಇಲ್ಲ, ವೈನೂ ಇಲ್ಲ. ಆಮೇಲೆ ಗಾಡಿ ಯಾಕೆ ಬರುತ್ತೆ?’ ಅಂದರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. ‘ಹಾಗಂತ ಅದನ್ನ ಕೆಳಗೇ ಕೊಳೆಸ್ತೀರಾ?’ ಅಂದೆ. ‘ಕೊಳೆಯಲ್ಲ. ಹುಳಿಯಾಗುತ್ತೆ’ ಎಂದು ತಿದ್ದಿದರು. ಆ ದುಃಖದಲ್ಲೂ ತಿದ್ದಿದರು ನೋಡಿ! ಅಷ್ಟರಲ್ಲಿ ಬಟ್ಟೆಯ ಬುಟ್ಟಿ ಹೊತ್ತ ಅತ್ತೆ ಬಾಗಿಲಲ್ಲಿ ನಿಂತಿದ್ದರು. ‘ಮೂಗಿನ ವಿಷಯ ನನಗೆ ಗೊತ್ತಿಲ್ಲ ಅನ್ಕೊಂಡ್ರಾ ಇಬ್ಬರೂ? ಅವತ್ತು ಆ ಸೀದ ಹಾಲಲ್ಲೇ ಕಾಫಿ ಮಾಡಿ ಕೊಟ್ಟೆ. ಚೆನ್ನಾಗಿದೆ ಅಂತ ಇನ್ನೊಂದು ಲೋಟ ಕೇಳಿದ್ರಿ’ ಅಂದರು. ಬುಟ್ಟಿ ಇಳಿಸಿ, ಮಂಡಿ ಹಿಡಿದುಕೊಂಡು ಅವರ ಪಕ್ಕ ಕೂತರು. ‘ನೀವೇ ಹೋಗಿ ಹೇಳಿ. ಬೇರೆಯವರ ಬಾಯಿಂದ ಹೋದ್ರೆ ಚೆನ್ನಾಗಿರಲ್ಲ. ಗಾಡಿ ಬರದಿದ್ರೆ ಬಸ್ಸಿದೆ.’ ಅಷ್ಟು ಮೆತ್ತಗೆ ಅತ್ತೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಾರನೆಯ ದಿನ ಬಸ್ಸಿನಲ್ಲೇ ಹೋದೆವು. ಮಾವ ಆಫೀಸಿನಲ್ಲಿ ಕೂರಲೂ ಇಲ್ಲ. ‘ಮೇಡಂ, ನನಗೆ ವಾಸನೆ ತಿಳಿಯಲ್ಲ. ಚಳಿಗಾಲದಿಂದ ನಾನು ಹೇಳಿದ್ದೆಲ್ಲ ಇವಳ ಮೂಗು, ನನ್ನ ಬಾಯಿ. ಮೂಲೆ ಕಪಾಟಿನ ವಿಷಯದಲ್ಲಿ ಮಾತ್ರ ಅವಳ ಮಾತು ಕೇಳಲಿಲ್ಲ, ಅದು ತಪ್ಪಾಯ್ತು’ ಅಂದರು. ಒಡತಿ ಕರಗಿಹೋದರು ಎಂದುಕೊಳ್ಳಬೇಡಿ. ಕೆಂಡವಾದರು. ‘ಯಾರ ಮಾತು ನಂಬಿ ಬಾಟಲಿ ಹೊರಗೆ ಕಳಿಸಿದೀನಿ ನಾನು?’ ಎಂದು ಮೇಜು ಬಡಿದರು. ನ್ಯಾಯವೇ. ಆಗಲೇ ನನ್ನನ್ನು ಪಕ್ಕದ ಕೋಣೆಯಲ್ಲಿ ನಿಲ್ಲಿಸಿ, ಬಾಟಲಿಗಳಿಗೆ ಕಾಗದ ಸುತ್ತಿ ತಂದು, ಗ್ಲಾಸುಗಳ ಒಂದು ಸಾಲನ್ನೇ ಇಟ್ಟು, ವಯಸ್ಸಿನ ಪ್ರಕಾರ ಜೋಡಿಸಿ ಯಾವುದು ಎಲ್ಲಿಗೆ ಬಂದಿದೆ ಹೇಳು ಅಂದರು. ಮಾವನನ್ನು ನನ್ನ ಬೆನ್ನ ಹಿಂದೆ ಕೂರಿಸಿದರು. ಮೊದಲ ಗ್ಲಾಸನ್ನು ಬಟ್ಟೆಯ ಮೇಲೆ ಚೆಲ್ಲಿಬಿಟ್ಟೆ. ಆಮೇಲೆ ಹೇಗೋ ಹಿಡಿತ ಸಿಕ್ಕಿತು. ಒಂದರಲ್ಲಿ ಎಡವಿದೆ, ಎಳೆಯದನ್ನು ಹಳೆಯದು ಅಂದೆ. ಒಡತಿ ಕಾಗದ ಬಿಚ್ಚಿ ತೋರಿಸಿದಾಗ ನೆಲ ಬಿರಿಯಬಾರದೇ ಅನ್ನಿಸಿತು. ಹಿಂದಿನಿಂದ ಒಂದು ಕೆಮ್ಮೂ ಕೇಳಲಿಲ್ಲ. ಎಲ್ಲ ಮುಗಿದ ಮೇಲಷ್ಟೇ ಮಾವ ಹೇಳಿದರು, ಅದು ವಿಪರೀತ ಬಿಸಿಲಿನ ವರ್ಷದ್ದು, ಬೇಗ ಮುಖ ಸುಕ್ಕಾಗಿದೆ, ಅದು ಎಲ್ಲರಿಗೂ ಮೋಸ ಮಾಡುತ್ತದೆ ಎಂದು. ಒಡತಿ ಬಿಚ್ಚಿದ ಕಾಗದಗಳನ್ನೆಲ್ಲ ಮಡಚಿಟ್ಟರು. ಆಮೇಲೆ ಹೋಟೆಲಿನವರಿಗೆ ಫೋನ್ ಮಾಡಿದರು.

ಮೊನ್ನೆ ಆ ಕಪಾಟು ಖಾಲಿ ಮಾಡುವ ದಿನ ಗಾಡಿ ಬಂತು. ಒಡತಿಯೇ ಒಂದು ಬಾಟಲಿ ತೆಗೆದು ಮಾವನಿಗೆ ಪೂರ್ತಿ ಗ್ಲಾಸು ಕೊಟ್ಟರು, ‘ದೊಡ್ಡವರೇ, ಇದು ಕೆಲಸಕ್ಕಲ್ಲ, ಕುಡಿಯೋಕೆ’ ಅಂದರು. ಮಾವ ಒಂದು ಗುಟುಕು ಕುಡಿದು ನನ್ನ ಕಡೆ ತಿರುಗಿದರು. ‘ಹುಳಿ ಗೊತ್ತಾಗ್ತಿದೆ, ಒಗರು ಗೊತ್ತಾಗ್ತಿದೆ. ಉಳಿದದ್ದು ಹೇಳು. ಪಿಸುಗುಟ್ಟಬೇಡ, ಜೋರಾಗಿ ಹೇಳು.’ ಜನ ಪೆಟ್ಟಿಗೆ ಹೊರುತ್ತಿದ್ದರು, ನಾನು ಪೀಪಾಯಿಗೆ ಒರಗಿ ಹೇಳುತ್ತ ಹೋದೆ. ಮರದ ಪೆಟ್ಟಿಗೆ ಹೇಳಿದೆ, ಎಲೆ ಹೇಳಿದೆ, ಚರ್ಮ ಹೇಳಿದೆ. ಮೊದಲ ಸಲ ಸಿಗದಿದ್ದ ಇನ್ನೊಂದೂ ಇತ್ತು, ಇಸ್ತ್ರಿ ಮಾಡಿದ ಬಟ್ಟೆಯ ಬಿಸಿಯಂಥದ್ದು, ಅದನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಕುಡಿದರು. ಗ್ಲಾಸು ಖಾಲಿಯಾದಾಗ ‘ಚೆನ್ನಾಗಿ ಮಾಡಿದ್ದೆ ಅಲ್ವಾ?’ ಎಂದು ಕೇಳಿದರು. ‘ಬಹಳ ಚೆನ್ನಾಗಿ ಮಾಡಿದ್ರಿ ಮಾವ’ ಅಂದೆ. ಒಡತಿ ಬೇರೆ ಕಡೆ ನೋಡುತ್ತಿದ್ದರು.

ಹೊರಡುವಾಗ ಒಡತಿ ನನ್ನನ್ನು ತಡೆದು, ರುಚಿ ನೋಡುವ ಕೆಲಸ ಕಾಯಂ ಆಗಿ ನೀನೇ ಮಾಡು, ವಾರಪೂರ್ತಿ ಬರಬೇಕು, ದೊಡ್ಡವರು ನಿನಗೆ ಕಲಿಸೋಕೆ ಬರಲಿ ಎಂದರು. ನಮ್ಮವರಿಗೆ ಬರೆದು ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ. ಅತ್ತೆ ಒಬ್ಬರೇ ಇಷ್ಟು ಮನೆಕೆಲಸ ಹೇಗೆ ಮಾಡುತ್ತಾರೆ, ನೀವು ಬಂದಾಗ ನಾನು ಬೆಳಗಿನಿಂದ ಸಂಜೆಯವರೆಗೆ ಆ ನೆಲಮಾಳಿಗೆಯಲ್ಲಿ ಕೂತಿದ್ದರೆ ನಿಮಗೆ ಹೇಗಿರುತ್ತದೆ, ಇದೆಲ್ಲ ತಲೆಯಲ್ಲಿ ಸುತ್ತುತ್ತಿದೆ. ಈ ಸುತ್ತು ಮುಗಿಸಿ ಬೇಸಿಗೆಗೆ ಬರುತ್ತೀರಲ್ಲ, ಎದುರೆದುರು ಕೂತು ಮಾತಾಡೋಣ. ಅಲ್ಲಿಯವರೆಗೆ ಒಡತಿ ಕಾಯುತ್ತಾರೋ ಇಲ್ಲವೋ. ಬೇಗ ಒಂದು ಸಾಲು ಬರೆಯಿರಿ. ಇಷ್ಟು ಹೊತ್ತು ಕೂತು ಬರೆದದ್ದೇ ದೊಡ್ಡದು, ಕಾಲು ಜೋಮು ಹಿಡಿದಿದೆ.

ಅತ್ತೆ ನಿಮಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾರೆ, ಬಣ್ಣ ಕೇಳಬೇಡಿ. ಮಾವ ‘ಅವನಿಗೆ ನನ್ನ ಆಶೀರ್ವಾದ ಹೇಳು, ಮೂಗು ಜೋಪಾನ ಅಂತ ಬರಿ’ ಅಂದಿದ್ದಾರೆ. ಮೈ ಕಾಯ್ದುಕೊಳ್ಳಿ.

ಇಂತಿ,
ನೀವೇ ಹೆಸರಿಟ್ಟ
ಬುಗುರಿ

ತಾ. ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿಮ್ಮ ಹಡಗಿನ ಕಂಪನಿಯಿಂದ ಫೋನ್ ಬಂತು, ಭಾನುವಾರವೂ ಕೆಲಸ ಮಾಡುತ್ತಾರೆ ಪಾಪ. ವಿಳಾಸ ಸರಿಯಿದೆಯೇ ಎಂದು ಕೇಳಲು. ಗುಮಾಸ್ತ ಖುಷಿಯಾಗಿ ಹೇಳಿದ: ‘ನಿಮ್ಮ ಯಜಮಾನರು ಇನ್ನೆರಡು ವರ್ಷಕ್ಕೆ ಸಹಿ ಹಾಕಿದಾರಲ್ಲಮ್ಮ, ಅದಕ್ಕೇ.’ ಹೋದ ತಿಂಗಳೇ ಹಾಕಿದಿರಂತೆ. ನಾನು ‘ಹೌದು, ಗೊತ್ತು’ ಅಂದೆ. ಆಮೇಲೆ ಒಡತಿಗೆ ಫೋನ್ ಮಾಡಿ ಒಪ್ಪಿಕೊಂಡೆ, ನಾಳೆಯಿಂದಲೇ ಹೋಗುತ್ತೇನೆ. ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಬೇಕಿಲ್ಲ. ಮನೆ ನಡೆಯಬೇಕಲ್ಲ, ಅದಕ್ಕೇ ದುಡಿಯುತ್ತಿದ್ದೇನೆ ಎಂದು ನೀವು ಪ್ರತಿ ಸಲ ಬರೆಯುತ್ತಿದ್ದಿರಿ. ಇನ್ನು ಮನೆ ನಡೆಯುತ್ತದೆ. ಬರಬೇಕು ಅನ್ನಿಸಿದರೆ ಬನ್ನಿ. ಅಲ್ಲೇ ಇರುವುದಾದರೆ ಇರಿ, ಆದರೆ ಯಾಕೆ ಎಂದು ಈ ಸಲ ನಿಜವಾದ ಕಾರಣ ಬರೆಯಿರಿ. ನೀವು ಸಹಿ ಹಾಕಿದ ವಿಷಯ ಅತ್ತೆಗೂ ಮಾವನಿಗೂ ನಾನು ಇನ್ನೂ ಹೇಳಿಲ್ಲ. ನೀವೇ ಹೇಳಿ.